ಹಾಡಲು ಬಾರದ ಆಯಾಗಳಿಗೂ ಹಾಡಿಸಲು ಬರುತ್ತದೆ

ಪ್ರಶ್ನೆ: ಹಾಸನದ ಹತ್ತಿರ ಸಣ್ಣ ವೃದ್ಧಾಶ್ರಮ ನಡೆಸುತ್ತಿದ್ದೇವೆ. ಕೆಲವರಿಗೆ ಮರೆವಿನ ಕಾಯಿಲೆ ಇದೆ. ಹಾಡಿನಿಂದ ಅನುಕೂಲವಾಗುತ್ತದಂತೆ. ನಮ್ಮ ಆಯಾಗಳಿಗೆ ಸಂಗೀತ ಮೇಷ್ಟ್ರಿಂದ ಪಾಠ ಹೇಳಿಸೋಣವೇ?

ಉತ್ತರ: ತರಬೇತಿ ಖಂಡಿತ ಕೊಡಿಸಿ. ಆದರೆ ಸರಳೆ ವರಸೆಯಿಂದ, ಅಂದರೆ ಸ-ರಿ-ಗ-ಮ ಪಾಠದಿಂದ ಶುರು ಮಾಡಬೇಡಿ. ಎದುರಿಗಿರುವವರು ಹಾಡಲಿ ಅಂತ ಕಾಯುವುದನ್ನು ಆಯಾಗಳು ಮೊದಲು ಕಲಿಯಬೇಕು.

ಮಕ್ಕಳ ಹೆಸರೇ ಮರೆತವರಿಗೂ ಎಷ್ಟೋ ಸಲ ಹಳೇ ಹಾಡು ಬಾಯಿಗೆ ಬರುತ್ತದೆ. ಅದರಲ್ಲೂ 10ರಿಂದ 30ರ ವಯಸ್ಸಿನಲ್ಲಿ ಕೇಳಿದ್ದು ಜಾಸ್ತಿ ಉಳಿದಿರುತ್ತದೆ. ಈಗ 80ರ ಆಸುಪಾಸಿನಲ್ಲಿರುವವರಿಗೆ ಅದು 1955ರಿಂದ 75ರ ಕಾಲ. ಯಾರಿಗೆ ಯಾವ ಹಾಡು ಇಷ್ಟ ಅಂತ ಮನೆಯವರನ್ನು ಕೇಳಿ ಬರೆದಿಡಿ. ಒಬ್ಬರಿಗೆ ಭಜನೆ, ಇನ್ನೊಬ್ಬರಿಗೆ ಚರ್ಚಿನ ಹಾಡು, ಮತ್ತೊಬ್ಬರಿಗೆ ಸಿನಿಮಾ ಹಾಡು. ಎಲ್ಲರಿಗೂ ಒಂದೇ ಕ್ಯಾಸೆಟ್ ಹಾಕಿದರೆ ಆಗುವುದಿಲ್ಲ.

ಅಭ್ಯಾಸಕ್ಕೆ ದಿನದ ಕೆಲಸವನ್ನೇ ತಗೊಳ್ಳಿ. ಸ್ನಾನಕ್ಕೆ ಕರೆದರೆ ಕೈ ಕೊಡವುವ ಅಜ್ಜಿ ಇದ್ದಾರೆ ಅಂದುಕೊಳ್ಳಿ. ಆಯಾ ಮೊದಲು ಟಿವಿ ಆರಿಸಲಿ. ಅಜ್ಜಿಯ ಕಿವಿ ಮಷೀನು ಹಾಕಿದೆಯಾ ನೋಡಲಿ. ಎದುರಿಗೆ ಕೂತು, ತಗ್ಗಿದ ದನಿಯಲ್ಲಿ, ನಿಧಾನವಾಗಿ ಅವರ ಇಷ್ಟದ ಹಾಡಿನ ಒಂದು ಸಾಲು ಹೇಳಿ, ಕೊನೆಯ ಪದ ಬಿಟ್ಟು ಸುಮ್ನಿರಲಿ. ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು. ಕುರ್ಚಿಯ ಕೈ ಮೇಲೆ ಬೆರಳು ಆಡಿದರೂ, ತುಟಿ ಅಲುಗಿದರೂ ಅದು ಉತ್ತರವೇ. ಆಯಾಗಳೇ ಜೋಡಿಯಾಗಿ, ಒಬ್ಬರು ಅಜ್ಜಿಯಾಗಿ ಕೂತು ಇದನ್ನು ಮಾಡಿ ನೋಡಲಿ. ಆತುರದ ಕೈ ಹೇಗನಿಸುತ್ತದೆ ಅಂತ ಆಗ ಗೊತ್ತಾಗುತ್ತದೆ.

ಹಾಡು ನೋಯಿಸುವುದೂ ಉಂಟು. ಮಗು ಕಳೆದುಕೊಂಡ ತಾಯಿಗೆ ಜೋಗುಳ ಕೇಳಿಸಿದರೆ? ಕಣ್ಣೀರು ಬಂದ ಕೂಡಲೇ ಗಾಬರಿಯಾಗಿ ಮಾತು ಬದಲಿಸುವುದು ಬೇಡ, ಜೊತೆಗಿರಿ. ಮುಖ ಬಿಗಿದರೆ, ಚಡಪಡಿಕೆ ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ, ಬರೆದಿಡಿ. ಇದು ಔಷಧಿಗೆ ಬದಲಿಯಲ್ಲ. ದಿಢೀರ್ ಅಂತ ವರ್ತನೆ ಬದಲಾದರೆ ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಮೂತ್ರದ ಸೋಂಕೋ, ಹೇಳಲಾಗದ ನೋವೋ ಇರುತ್ತದೆ.

ಒಂದು ದಿನದ ಶಿಬಿರ ಸಾಲದು. ವಾರಕ್ಕೊಮ್ಮೆ ಅರ್ಧ ಗಂಟೆ ಆಯಾಗಳು ಕೂತು ಮಾತಾಡಲಿ, ಅದನ್ನೂ ಕೆಲಸದ ಹೊತ್ತಿನಲ್ಲೇ ಲೆಕ್ಕ ಹಾಕಿ.

ಮೇಷ್ಟ್ರಿಗಿಂತ ಮೊದಲು ಸುತ್ತಮುತ್ತಲ ಊರಲ್ಲಿ ಸೋಬಾನೆ ಹೇಳುವ ಹೆಂಗಸರನ್ನು ಹುಡುಕಿ. ಒಬ್ಬರು ಸೊಲ್ಲು ಎತ್ತಿಕೊಡುವುದು, ಉಳಿದವರು ದನಿಗೂಡಿಸುವುದು ಅವರಿಗೆ ರೂಢಿ. ಶ್ರುತಿ ತಪ್ಪಿತು ಅಂತ ಅಲ್ಲಿ ಯಾರನ್ನೂ ಬಾಯಿ ಮುಚ್ಚಿಸುವುದಿಲ್ಲ, ಅಲ್ವಾ? ಅವರನ್ನೇ ತರಬೇತಿಗೆ ಕರೆಯಿರಿ, ಮೇಷ್ಟ್ರಿಗೆ ಕೊಡಬೇಕೆಂದಿದ್ದ ಸಂಭಾವನೆಯನ್ನು ಅವರಿಗೇ ಕೊಡಿ.