‘ಲ್ಯಾಬಿರಿಂತ್’ ಲೇಖನ: ಆ ಕೈಗಳ ಬಗ್ಗೆ ಬರೆಯಿರಿ

ನಮಸ್ಕಾರ,

ಗೊಂಬೆಗಳೇ ತುಂಬಿರುವ 1986ರ ‘ಲ್ಯಾಬಿರಿಂತ್’ ಸಿನಿಮಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದ ತುಂಬ ‘ಅದ್ಭುತ’, ‘ಮಾಂತ್ರಿಕ’, ‘ಮರೆಯಲಾಗದ’. ಸಿನಿಮಾ ನೋಡದವರಿಗೆ ಇದರಿಂದ ಏನು ಕಾಣಿಸೀತು? ಸಿಟ್ಟಿನಲ್ಲಿ ‘ಈ ಮಗುವನ್ನು ಗಾಬ್ಲಿನ್‌ಗಳು ಹೊತ್ತೊಯ್ಯಲಿ’ ಅಂದುಬಿಟ್ಟ ಸಾರಾ, ಆ ಪುಟ್ಟ ಭೂತಗಳು ನಿಜಕ್ಕೂ ಹೊತ್ತೊಯ್ದ ಮೇಲೆ ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ ಅನ್ನುವ ಕಥೆಯೇ ನಿಮ್ಮಲ್ಲಿ ಮೂರನೇ ಪುಟಕ್ಕೆ ಬರುತ್ತದೆ.

ಬರಹಕ್ಕೆ ಜೀವ ಬರುವುದು ಸಾರಾಗೆ ದಾರಿಯಲ್ಲಿ ಸಿಗುವ ಹಾಗಲ್‌ನ ಪ್ಯಾರಾದಲ್ಲಿ. ಆ ಕುಳ್ಳನ ವೇಷದೊಳಗೆ ಒಬ್ಬ ನಟಿ. ಮುಖ ಮಾತ್ರ ಹೊರಗೆ ನಿಂತ ನಾಲ್ವರ ಕೈಯಲ್ಲಿ, ರೇಡಿಯೊ ಕಂಟ್ರೋಲ್ ಮೂಲಕ. ಐದು ಜನ ಸೇರಿ ಒಬ್ಬ ಪುಕ್ಕಲನನ್ನು ಆಡಿಸುತ್ತಾರೆ, ಅವನು ಮುಖ ಸಪ್ಪೆ ಮಾಡಿಕೊಂಡರೆ ನಮಗೆ ಪಾಪ ಅನಿಸುತ್ತದೆ. ಇಂಥದ್ದನ್ನು ಎರಡೇ ಸಾಲಿಗೆ ಮುಗಿಸುವುದಾ? ಗಾಬ್ಲಿನ್ ರಾಜನಾಗಿ ನಟಿಸಿದ ಗಾಯಕ ಡೇವಿಡ್ ಬೋವಿ ಕೈಯಲ್ಲಿ ಹರಿದಾಡುವ ಸ್ಫಟಿಕದ ಗೋಳಕ್ಕೂ ಸುಮ್ನೆ ‘ಕೈಚಳಕ’ ಅಂದಿದ್ದೀರಿ. ಆ ಕೈ ಬೋವಿಯದ್ದೇ ಅಲ್ಲ. ಮೈಕೆಲ್ ಮೋಶನ್ ಎಂಬ ಜಗ್ಲರ್ ಬೋವಿಯ ಬೆನ್ನ ಹಿಂದೆ ಅವಿತು, ತೋಳು ಮುಂದೆ ಚಾಚಿ, ಗೋಳ ಕಣ್ಣಿಗೆ ಬೀಳದಿದ್ದರೂ ಆಡಿಸಿದ್ದು.

ಸಾರಾ ಗುಂಡಿಗೆ ಬೀಳುವ ದೃಶ್ಯ ನಿಮ್ಮಲ್ಲಿ ಇಲ್ಲವೇ ಇಲ್ಲ! ಗೋಡೆ ತುಂಬ ಕೈಗಳು. ಅವಳನ್ನು ಹಿಡಿದ ಕೈಗಳೇ ಕೂಡಿಕೊಂಡು ಮುಖಗಳಾಗಿ, ಮೇಲಕ್ಕೋ ಕೆಳಕ್ಕೋ ಅಂತ ಕೇಳುತ್ತವೆ. ನಟಿ ಜೆನಿಫರ್ ಕಾನೆಲಿಯನ್ನು ನಿಜವಾಗಿ ಯಾರೋ ಹಿಡಿದಿದ್ದಾರೆ, ಅದು ಅವರ ಮುಖದಲ್ಲೇ ಗೊತ್ತಾಗುತ್ತದೆ. ಈ ಸಿನಿಮಾ ಇವತ್ತಿಗೂ ಹಿಡಿಸುವುದು ಇದಕ್ಕೇ ಅಂತ ನನ್ನ ಲೆಕ್ಕ. ಬಾಲ್ಯದ ನೆನಪು ಆಮೇಲಿನ ಮಾತು.

ಇನ್ನು ತಪ್ಪುಗಳು. ‘ಬಿಡುಗಡೆಯಾದಾಗಲೇ ಸೂಪರ್ ಹಿಟ್’ ಅಂದಿದ್ದೀರಿ. ಸುಮಾರು ಎರಡೂವರೆ ಕೋಟಿ ಡಾಲರ್ ಸುರಿದ ಸಿನಿಮಾ ಅಮೆರಿಕದ ಥಿಯೇಟರ್‌ಗಳಲ್ಲಿ ಅದರ ಅರ್ಧದಷ್ಟು ಗಳಿಸಿತು, ಅಷ್ಟೇ. ನಿರ್ದೇಶಕ ಜಿಮ್ ಹೆನ್ಸನ್ ಆಮೇಲೆ ಇನ್ನೊಂದು ಪೂರ್ಣ ಚಿತ್ರ ನಿರ್ದೇಶಿಸಲಿಲ್ಲ, 1990ರಲ್ಲಿ ತೀರಿಕೊಂಡರು. ಜನ ಹಚ್ಚಿಕೊಂಡಿದ್ದು ನಿಧಾನಕ್ಕೆ, ವಿಡಿಯೊ ಕ್ಯಾಸೆಟ್ ಬಾಡಿಗೆಗೆ ತಂದು ನೋಡಿ ನೋಡಿ. ನಿಮ್ಮ ಕಥೆಗಿಂತ ಇದೇ ಚೆನ್ನಾಗಿದೆ, ಅಲ್ವಾ? ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಬೈದ ಪ್ಯಾರಾನೂ ನಿಲ್ಲುವುದಿಲ್ಲ. ಟೈಟಲ್‌ನಲ್ಲಿ ಹಾರುವ ಗೂಬೆಯೇ ಕಂಪ್ಯೂಟರಿನದು! ತೊಗಲುಗೊಂಬೆ ಆಟದ ಹೋಲಿಕೆಯನ್ನೂ ತೆಗೆಯಿರಿ. ಅಲ್ಲಿ ಪರದೆ ಮೇಲಿನ ನೆರಳು, ಇಲ್ಲಿ ಮೈಗೆ ತಾಗುವ ಗೊಂಬೆ.

ಗುಂಡಿಯ ದೃಶ್ಯದಿಂದಲೇ ಶುರು ಮಾಡಿ, ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಹೆನ್ಸನ್ ಹೆಸರನ್ನು ಮೂರು ಥರ ಬರೆದಿದ್ದೀರಿ, ಒಂದನ್ನು ಉಳಿಸಿಕೊಳ್ಳಿ.

ಸಂಪಾದಕ