ಪ್ರಶ್ನೆ: 1,999 ರೂಪಾಯಿ ಗೇಮ್ 300ಕ್ಕೆ ಇಳಿದರೆ ಮೇಲ್ ಬರಲಿ ಅಂತ ಅಲರ್ಟ್ ಇಟ್ಟು 8 ತಿಂಗಳಾಯ್ತು, ಒಂದೂ ಬಂದಿಲ್ಲ. ನಾವೇ ಬೆಲೆ ಹೇಳೋ ಸೈಟಲ್ಲಿ ತಗೋಬಹುದಾ?

1,999 ರೂಪಾಯಿ ಗೇಮಿಗೆ 300ಕ್ಕೆ ಅಲರ್ಟ್ ಇಟ್ಟಿದ್ದೀನಿ ಅಂದಿದ್ದೀರಿ. ಆ 300 ಎಲ್ಲಿಂದ ಬಂತು ಸ್ವಾಮಿ?

ಮೊದಲು ಸ್ಟೀಮ್‌ಡಿಬಿ ಅನ್ನೋ, ಗೇಮುಗಳ ಹಳೇ ಬೆಲೆ ತೋರಿಸೋ ಸೈಟಲ್ಲಿ ಕರೆನ್ಸಿ ರೂಪಾಯಿಗೆ ಇಟ್ಟು, ಆ ಗೇಮ್ ಇದುವರೆಗೆ ಎಷ್ಟಕ್ಕೆ ಇಳಿದಿದೆ ನೋಡಿ. 999ಕ್ಕಿಂತ ಕೆಳಗೆ ಬಂದೇ ಇಲ್ಲ ಅಂದ್ರೆ 300ಕ್ಕೆ ಕಾಯೋದು ದಂಡ. ನಾನು ಹಳೇ ಕನಿಷ್ಠ ಬೆಲೆಗೆ ಐವತ್ತು ರೂಪಾಯಿ ಸೇರಿಸಿ ಇಡ್ತೀನಿ. ಸರಿಯಾಗಿ ಅಷ್ಟಕ್ಕೇ ಇಟ್ಟರೆ ಒಂದು ರೂಪಾಯಿ ಜಾಸ್ತಿಯಾದ್ರೂ ಮೇಲ್ ತಪ್ಪಿಹೋಗುತ್ತೆ. ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಿನ ವಿಶ್‌ಲಿಸ್ಟಲ್ಲಿ 'ಇಷ್ಟಕ್ಕೆ ಇಳಿದಾಗ ಮಾತ್ರ ಹೇಳು' ಅನ್ನೋಕಾಗಲ್ಲ, ಬೆಲೆ ಹೋಲಿಸೋ ಸೈಟ್ ಇಸ್‌ದೇರ್‌ಎನಿಡೀಲ್‌ನಲ್ಲಿ ಆಗುತ್ತೆ, ಅದೂ ಪುಕ್ಕಟೆ. ದೇಶ ಇಂಡಿಯಾ ಅಂತ ಆರಿಸೋದು ಮರೀಬೇಡಿ.

ಸ್ಟೀಮಿನ ದೊಡ್ಡ ಸೇಲ್ ಶುರುವಾಗೋದು ನಮ್ಮ ರಾತ್ರಿ ಹೊತ್ತು: ಜೂನ್ ಸೇಲ್ ಹತ್ತೂವರೆಗೆ, ಡಿಸೆಂಬರಿಂದು ಹನ್ನೊಂದೂವರೆಗೆ. ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದ್ರೆ ಪೊರೆ ಬಿಡೋ ನಿದ್ದೆಯಿಂದ, ಎದ್ದ ವಾರ ನನಗೆ ಹೇಗೂ ನಿದ್ದೆ ಇರಲ್ಲ, ಸೊಪ್ಪು ಹಾಕ್ತಾ ಮೊಬೈಲ್ ನೋಡ್ಕೋತೀನಿ.

ಇನ್ನು ನಾವೇ ಬೆಲೆ ಹೇಳೋ ಸೈಟು. ಕೇಳೋಕೆ ಶಿಡ್ಲಘಟ್ಟದ ರೇಷ್ಮೆಗೂಡು ಮಾರ್ಕೆಟ್ ಹರಾಜಿನ ಥರಾನೇ ಇದೆ. ಆದರೆ ಅಲ್ಲಿ ನೂಲು ತೆಗೆಯೋ ರೀಲರ್ ಗೂಡು ಕೈಗೆ ತಗೊಂಡು, ಕಿವಿ ಹತ್ರ ಅಲ್ಲಾಡಿಸಿ, ಆಮೇಲೆ ಬೆಲೆ ಹಾಕ್ತಾನೆ. ಗಿಟ್ಟಲ್ಲ ಅನ್ನಿಸಿದರೆ ನಮ್ಮಪ್ಪ ಬೇಡ ಅಂತಾರೆ. ಈ ಸೈಟಲ್ಲಿ ಸಿಗೋದು ಗೇಮ್ ಕೀ, ಅಂದ್ರೆ ಸ್ಟೀಮಲ್ಲಿ ಹಾಕಿದರೆ ಗೇಮ್ ಕೊಡೋ ಕೋಡು. ಅದನ್ನ ಹಾಗೆ ಅಲ್ಲಾಡಿಸಿ ನೋಡೋಕಾಗುತ್ತಾ? ಯಾರು ಮಾರ್ತಿದ್ದಾರೆ, ಅವರಿಗೆ ಎಲ್ಲಿಂದ ಬಂತು, ಏನೂ ಕಾಣಲ್ಲ.

ಅಂಥ ಒಂದು ಸೈಟಲ್ಲಿ ನಾನು 600ಕ್ಕೆ ಆಫರ್ ಹಾಕಿದ್ದೆ. ದುಡ್ಡು ಮೊದಲೇ ಕಟ್ಟಬೇಕಿತ್ತು. ಎರಡೇ ದಿನಕ್ಕೆ ಒಪ್ಪಿಕೊಂಡರು, ನಾನು ಖುಷಿಯಿಂದ ತಮ್ಮನ ಮುಂದೆ ಮೀಸೆ ತಿರುವಿದೆ. ಕೀ ಹಾಕಿದರೆ, ನಿಮ್ಮ ದೇಶದಲ್ಲಿ ಇದು ನಡೆಯಲ್ಲ ಅಂತ ಬಂತು. ಬೇರೆ ದೇಶಕ್ಕೆ ಅಂತ ಬಿಟ್ಟ ಕೀ ಅದು. ಮಾರಿದವರಿಗೆ ಬರೆದೆ, ಉತ್ತರವೇ ಇಲ್ಲ. ಸ್ಟೀಮಲ್ಲೇ ಕೊಂಡಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹೊರಗೆ ಕೊಂಡ ಕೀಗೆ ಸ್ಟೀಮಿನವರು ದುಡ್ಡು ವಾಪಸ್ ಕೊಡಲ್ಲ.

ನಾವೇ ಬೆಲೆ ಹೇಳಲೇಬೇಕು ಅನ್ನೋ ಚಪಲ ಇದ್ದರೆ ಇಚ್.ಐಒ ಅನ್ನೋ ಸೈಟ್ ನೋಡಿ. ಅಲ್ಲಿ ಗೇಮ್ ಮಾಡಿದವರೇ ಎಷ್ಟೋ ಗೇಮುಗಳನ್ನ 'ನಿಮಗೆ ತೋಚಿದ್ದು ಕೊಡಿ' ಅಂತ ಇಟ್ಟಿರ್ತಾರೆ. ನಿಮ್ಮ 1,999ರ ಗೇಮ್ ಅಲ್ಲಿ ಸಿಗಲ್ಲ ಬಿಡಿ, ಅದಕ್ಕೆ ಅಲರ್ಟ್ ಬೆಲೆ ತಿದ್ದಿಕೊಳ್ಳಿ.