ನೀವು ಕೇಳಿದಿರಿ: ಮೃಗಾಲಯಗಳ ಕೊಡು-ಕೊಳ್ಳುವಿಕೆ

ಮೈಸೂರಿನಲ್ಲಿ ಅನಕೊಂಡ ನೋಡಿ ಬಂದೆವು. ದಕ್ಷಿಣ ಅಮೆರಿಕದ ಹಾವು ಇಲ್ಲಿಗೆ ಹೇಗೆ ಬಂತು? ದುಡ್ಡು ಕೊಟ್ಟು ತಂದರೇ?
– ಓದುಗರು, ಅರಸೀಕೆರೆ

ಅಮೆಜಾನಿನಿಂದ ನೇರ ಬಂದದ್ದಲ್ಲ. ಕೊಲಂಬೊದ ದೆಹಿವಾಲ ಮೃಗಾಲಯ 2012ರಲ್ಲಿ ವಿನಿಮಯವಾಗಿ ಕೊಟ್ಟದ್ದು. ಲಂಡನ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೇ ಒಂದು ಮನೆ ಕಟ್ಟಿದ ಕಾಲದಲ್ಲಿ ಕೊಳ್ಳುವುದು, ಮಾರುವುದು ಮಾಮೂಲು. ಹ್ಯಾಂಬರ್ಗಿನ ಕಾರ್ಲ್ ಹಾಗೆನ್‌ಬೆಕ್ ಅದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡಿದ್ದ. ಈಗ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ 38-ಐ ಕಲಮಿನಂತೆ, ಅನುಸೂಚಿಯಲ್ಲಿರುವ ಪ್ರಾಣಿಗಳನ್ನು ಕೊಡಲು, ತರಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಮೊದಲೇ ಬೇಕು. ವಿದೇಶದ ಪ್ರಾಣಿಯಾದರೆ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದ) ಪರವಾನಗಿಯೂ ಬೇಕು. ಭಾರತ ಆ ಒಪ್ಪಂದಕ್ಕೆ ಸೇರಿದ್ದು 1976ರಲ್ಲಿ.

ಇಷ್ಟು ದೂರ ಹಾವನ್ನು ಹೇಗೆ ಸಾಗಿಸುತ್ತಾರೆ?
– ಓದುಗರು, ಬೇಲೂರು

ಕೆಲಸ ಶುರುವಾಗುವುದು ಉಪವಾಸದಿಂದ. ಹೊರಡುವುದಕ್ಕೆ ವಾರ, ಹತ್ತು ದಿನ ಮೊದಲೇ ಆಹಾರ ನಿಲ್ಲಿಸುತ್ತಾರೆ. ದೊಡ್ಡ ಹಾವಿಗೆ ಇನ್ನೂ ಮುಂಚೆ. ಹೊಟ್ಟೆ ತುಂಬಿದ ಹಾವು ಗಾಬರಿಯಾದರೆ ನುಂಗಿದ್ದನ್ನು ಕಕ್ಕುತ್ತದೆ, ಚೀಲದೊಳಗೆ ಅದರಲ್ಲೇ ಉಸಿರುಗಟ್ಟಬಹುದು. ಒಂದು ಹಾವಿಗೆ ಒಂದು ಹತ್ತಿ ಬಟ್ಟೆಯ ಚೀಲ. ಹೊಲಿಗೆಯ ನೂಲು ಎಳೆಎಳೆಯಾಗಿ ಒಳಗೆ ಬಿಟ್ಟುಕೊಂಡಿದ್ದರೆ ಹಲ್ಲಿಗೆ ಸಿಕ್ಕುತ್ತದೆ, ಹಾಗಾಗಿ ಚೀಲ ತಿರುಗಿಸಿ ಹೊಲಿಗೆ ಹೊರಗೆ ಮಾಡುತ್ತಾರೆ. ಚೀಲದ ಬಾಯಿ ಕಟ್ಟಿದ ಮೇಲೆ ಗಾಳಿತೂತುಗಳಿರುವ ಮರದ ಪೆಟ್ಟಿಗೆ. ತೂತಿಗೆ ಒಳಗಿನಿಂದ ಸಣ್ಣ ಜಾಲರಿ. ವಿಷದ ಹಾವಾದರೆ ಪೆಟ್ಟಿಗೆಗೆ ಬೀಗ, ಮೇಲೆ ದೊಡ್ಡಕ್ಷರದ ಎಚ್ಚರಿಕೆ. ಮೊಸಳೆಗಾದರೆ ದವಡೆಗೆ ಟೇಪು, ಮೂಗಿನ ಹೊಳ್ಳೆ ಮಾತ್ರ ತೆರೆದೇ ಇರಬೇಕು. ಪೆಟ್ಟಿಗೆ ತಿರುಗಲಾಗದಷ್ಟು ಇಕ್ಕಟ್ಟು. ತಿರುಗಲು ಜಾಗ ಸಿಕ್ಕರೆ ಮೂತಿ ಜಜ್ಜಿಕೊಳ್ಳುತ್ತದೆ. ಹಾವಿನ ಕೊಲೆಗಾರ ಹೆಚ್ಚಾಗಿ ಬಿಸಿಲು. ಬೇಸಿಗೆಯ ಮಧ್ಯಾಹ್ನ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಗಾಡಿಯೊಳಗೆ ಹತ್ತು ನಿಮಿಷ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ರಾತ್ರಿ ಪ್ರಯಾಣ.

ತಲುಪಿದ ಮೇಲೆ ಕನಿಷ್ಠ 30 ದಿನ ಕ್ವಾರಂಟೈನ್. ಉಣ್ಣಿ, ಹುಳು ನೋಡಲು ಚರ್ಮ, ಮಲ ಪರೀಕ್ಷೆ. ಇದರಲ್ಲಿ ಅವಸರ ಮಾಡಿ ಎಡವುವವರೇ ಹೆಚ್ಚು: ಒಂದು ಹಾವಿನ ಉಣ್ಣಿ ಹಾವುಗಳ ಇಡೀ ಮನೆಗೆ ಹಬ್ಬುತ್ತದೆ. ಇನ್ನೊಂದು ಎಡವಟ್ಟು, ಜೋಡಿ ಎಂದು ತಂದದ್ದು ಎರಡೂ ಗಂಡೇ ಆಗಿರುವುದು. ಹಾವಿನಲ್ಲಿ ಹೊರಗಿನಿಂದ ಗೊತ್ತಾಗುವುದಿಲ್ಲ. ಬಾಲದ ಬುಡಕ್ಕೆ ಸಲಾಕೆ ಹಾಕಿ ಆಳ ನೋಡಬೇಕು, ಗಂಡಿನಲ್ಲಿ ಹೆಚ್ಚು ಆಳ ಹೋಗುತ್ತದೆ.

ತೋಟದಲ್ಲಿ ಕಾಳಿಂಗ ಸಿಕ್ಕರೆ ಮೃಗಾಲಯಕ್ಕೆ ಕೊಡಬಹುದಲ್ಲವೇ?
– ಓದುಗರು, ಮೂಡಿಗೆರೆ

ಬೇಡ. ನೀವೇ ಹಿಡಿದರೆ ಅಪರಾಧ; ವಲಯ ಅರಣ್ಯಾಧಿಕಾರಿಗೆ ತಿಳಿಸಿ, ಹತ್ತಿರದ ಕಾಡಿಗೇ ಬಿಡುತ್ತಾರೆ. ಅದರ ಊಟ ಮುಖ್ಯವಾಗಿ ಬೇರೆ ಹಾವು, ಬೋನಿನಲ್ಲಿ ಸಾಕುವುದು ಸಲೀಸಲ್ಲ. ಮೇಲಾಗಿ 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು ತೀರ್ಮಾನವಾಗಿ, ಓಫಿಯೋಫೇಗಸ್ ಕಾಳಿಂಗ ಎಂಬ ಹೆಸರು ಬಂದಿದೆ. ಹಾಗಾಗಿ ಉತ್ತರ ಭಾರತದ ಮೃಗಾಲಯದಿಂದ ಜೋಡಿ ತಂದು ಕೂಡಿಸುವ ಹಳೆಯ ಪದ್ಧತಿ ಈ ಹಾವಿಗೆ ಇನ್ನು ಸಲ್ಲದು.